ಪಾರವ್ವನ ಮನೆಯುಸಿರು

ಮೊದಲ ಸಲ ಹೋದಾಗ ಪಾರವ್ವನ ನಡುಮನೆಯಲ್ಲಿ ಗೋಡೆಯುದ್ದಕ್ಕೂ ಮೆಣಸಿನಕಾಯಿ ಚೀಲಗಳಿದ್ದವು. ಅವಳ ಉಸಿರನ್ನು ಸೀಸೆಗೆ ತುಂಬಿಕೊಳ್ಳಲು ಮತ್ತೆ ಹೋದಾಗ ಇರಲಿಲ್ಲ. ಚೀಲ ಒರಗಿಸಿದ್ದ ಕಡೆ ಗೋಡೆಯ ಮೇಲೆ ಮಾಸಲು ಕೆಂಪಿನ ಒಂದು ಪಟ್ಟಿ ಮಾತ್ರ ಉಳಿದಿತ್ತು. ನೆಲವನ್ನು ಫಿನಾಯಿಲ್ ಹಾಕಿ ಒರೆಸಿದ್ದರು. ಕಿಟಕಿಯಲ್ಲಿ ಊದುಬತ್ತಿ ಉರಿಯುತ್ತಿತ್ತು. ಚೀಲ ಎಲ್ಲಿ ಹೋದವು ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಇಷ್ಟೇ ನನ್ನ ಚಿಂತೆ. ಯಾರಿಗಾದರೂ ಹೇಳಿದರೆ ನಕ್ಕಾರು. ಹೇಳಬೇಕಾದ್ದನ್ನು ಹೇಳದೆ, ಅದನ್ನೇ ದಿನಚರಿಯಲ್ಲಿ ಬರೆದು ಮಲಗುವವರ ಪೈಕಿ ನಾನು. ಬರೆದರೆ ಸಾಮಾನ್ಯವಾಗಿ ಎದೆ ಹಗುರವಾಗುತ್ತದೆ. ಆ ಚೀಲಗಳ ವಿಷಯ ಬರೆದ ಮೇಲೂ ಹಗುರವಾಗಲಿಲ್ಲ.

ಚೀಲ ಮಾರಿಹೋಗಿರಬಹುದು, ಸುಗ್ಗಿಯ ಕಾಲ, ಎಂದುಕೊಂಡೆ. ಇನ್ನೊಂದು ಕಾರಣವೂ ಹೊಳೆದಿತ್ತು. ಆದರೆ ಅದನ್ನು ಬಾಯಿಬಿಟ್ಟು ಕೇಳುವುದು ಹೇಗೆ? ‘ನನಗಾಗಿ ಎತ್ತಿಟ್ಟಿರಾ?’ ಎಂದು ಕೇಳಲು ಎಷ್ಟು ಜಂಬ ಬೇಕು.

ನನ್ನ ಕೆಲಸ ಎಂಥದು ಎಂದು ಹೇಳದಿದ್ದರೆ ಈ ಚಿಂತೆ ತಿಳಿಯುವುದಿಲ್ಲ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಹುಬ್ಬಳ್ಳಿಯ ಒಂದು ಆಸ್ಪತ್ರೆ ಸೇರಿದ್ದೇನೆ. ರೋಗಿಗಳ ಮನೆಮನೆಗೆ ಹೋಗಿ ಅವರ ಉಸಿರನ್ನು ಗಾಜಿನ ಸೀಸೆಗಳಲ್ಲಿ ತುಂಬಿಕೊಂಡು ಬರುತ್ತೇನೆ. ಅದನ್ನು ನಾವು ಮನೆಯುಸಿರು ಎನ್ನುತ್ತೇವೆ. ಕಡಿಮೆ ಮಾತು ಸಾಕಾಗುವ ಕೆಲಸ ಎಂದೇ ಒಪ್ಪಿಕೊಂಡಿದ್ದೆ.

ಆ ಉಸಿರು ಘ್ರಾಣಿಗೆ ಬೇಕು. ಘ್ರಾಣಿ ನಮ್ಮ ಯಂತ್ರ. ಮೂಗಿನೊಳಗೆ ಬೆಳೆಯುವ ಒಂದು ಅಪರೂಪದ ಗಂಟನ್ನು ಅದು ವಾಸನೆಯಿಂದ ಹಿಡಿಯುತ್ತದೆ. ಇನ್ವರ್ಟೆಡ್ ಪ್ಯಾಪಿಲೋಮಾ ಎಂದು ಅದರ ಹೆಸರು. ಉಳಿದ ಗಂಟುಗಳು ಹೊರಕ್ಕೆ ಉಬ್ಬಿದರೆ ಇದು ಒಳಕ್ಕೆ ಬೆಳೆಯುತ್ತದೆ, ತನ್ನ ಪೊರೆಯೊಳಗೆ ತಾನೇ ಬೆರಳು ಚಾಚಿಕೊಂಡು. ಕ್ಯಾನ್ಸರ್ ಅಲ್ಲ. ಆದರೆ ಎಲುಬಿನ ಮೇಲೆ ಕೂತ ಅದರ ಬೇರು ಚೂರು ಉಳಿದರೂ ಮತ್ತೆ ಬರುತ್ತದೆ, ಹಾಗೇ ಬಿಟ್ಟರೆ ಕೆಲವರಲ್ಲಿ ಕೆಡುಕಿಗೂ ತಿರುಗುತ್ತದೆ. ಆದ್ದರಿಂದ ಬೇರು ಎಲ್ಲಿ ಮುಗಿಯಿತು ಎಂದು ತಿಳಿಯುವುದೇ ಶಸ್ತ್ರಕ್ರಿಯೆಯ ಅರ್ಧ ಕೆಲಸ.

ಘ್ರಾಣಿ ಅದನ್ನು ಮಾಡುವ ರೀತಿ ಹೀಗೆ. ಶಸ್ತ್ರಕ್ರಿಯೆಗೆ ಮೊದಲು ರೋಗಿ ವಾಸನೆಯೇ ಇಲ್ಲದ ಒಂದು ಆವಿಯನ್ನು ಎಳೆದುಕೊಳ್ಳುತ್ತಾರೆ. ಒಳ್ಳೆಯ ಜೀವಕೋಶಗಳು ಅದನ್ನು ಮುಟ್ಟುವುದಿಲ್ಲ. ಗಂಟಿನ ಕೋಶಗಳು ಮಾತ್ರ ಅದನ್ನು ಇನ್ನೊಂದು ವಸ್ತುವಾಗಿ ಬದಲಿಸುತ್ತವೆ. ಡಾಕ್ಟರು ಕೆರೆದ ಜಾಗದಿಂದ ಕೂದಲೆಳೆಯಂಥ ನಳಿಗೆಯಲ್ಲಿ ಗಾಳಿ ಹೀರಿದಾಗ ಆ ವಸ್ತು ಇದ್ದರೆ ಪರದೆಯ ಮೇಲಿನ ಗೆರೆ ಗುಡ್ಡದಂತೆ ಏಳುತ್ತದೆ. ಇಲ್ಲದಿದ್ದರೆ ಮಟ್ಟಸವಾಗಿ ಮಲಗುತ್ತದೆ. ಮಲಗಿತೆಂದರೆ ಬೇರು ಹೋಯಿತು.

ಆದರೆ ಮನುಷ್ಯರ ಮೂಗು ಖಾಲಿ ಡಬ್ಬಿಯಲ್ಲ. ಒಲೆ, ಒಗ್ಗರಣೆ, ದನ, ಸೀಮೆಎಣ್ಣೆ, ದುಡಿಮೆಯ ದೂಳು ಎಲ್ಲ ಅಲ್ಲಿರುತ್ತವೆ, ಗೆರೆಯನ್ನು ಅವೂ ಎಬ್ಬಿಸಬಲ್ಲವು. ಆ ವಾಸನೆಗಳನ್ನು ಕಳೆದು ನೋಡಲು ಯಂತ್ರಕ್ಕೆ ಆ ಮನೆಯ ಎಂದಿನ ಉಸಿರು ಮೊದಲೇ ಗೊತ್ತಿರಬೇಕು. ಅದಕ್ಕೇ ನಾನು. ರೋಗಿಗೆ ನಾವು ಹೇಳುವ ಮಾತು ಒಂದೇ: ‘ಎಂದಿನಂತೆ ಇರಿ.’ ಮನೆಗೆ ಯಾರೋ ಬರುತ್ತಾರೆಂದಾಗ ಎಂದಿನಂತೆ ಇರುವ ಮನೆ ನಮ್ಮ ಕಡೆ ಎಲ್ಲಿದೆ ಎಂದು ಯಂತ್ರ ಮಾಡಿದವರು ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ಪಾರವ್ವ ಬ್ಯಾಡಗಿಯವಳು. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಮಿಕ್ಕಿದ್ದನ್ನು ಮನೆಗೆ ತಂದು ಗಂಡ ಚಂಬಣ್ಣನ ಜೊತೆ ಕೂತು ಬಿಡಿಸುತ್ತಿದ್ದಳು. ಎಡಗಡೆಯ ಹೊಳ್ಳೆ ಕಟ್ಟಿಕೊಂಡು ವರ್ಷಗಳೇ ಆಗಿದ್ದವು. ಯಾರೂ ಅದನ್ನು ರೋಗವೆಂದು ಎಣಿಸಿರಲಿಲ್ಲ.

“ಬ್ಯಾಡಗಿಯಾಗ ಮೂಗು ಸೋರದವ್ರನ್ನ ತೋರಸ್ರಿ ನೋಡೂಣು,” ಎಂದಿದ್ದ ಚಂಬಣ್ಣ ನಾನು ಮೊದಲ ಸಲ ಹೋದಾಗ. “ನಮ್ಮೂರಾಗ ಕೂಸು ಹುಟ್ಟಿದ ಕೂಡ್ಲೆ ಅಳೂದಿಲ್ಲರಿ. ಸೀನ್ತೈತಿ.”

“ಸುಮ್ನಿರ್ರಿ. ಬಂದಾಕಿಗೆ ನೀರು ಕೊಡೂದು ಬಿಟ್ಟು ಪುರಾಣ,” ಎಂದಳು ಪಾರವ್ವ.

ಘಾಟು, ಎಲ್ಲ ಘಾಟಿನ ಮಹಿಮೆ, ಎಂದೇ ಊರೆಲ್ಲ ಹೇಳಿತ್ತು. ಘಾಟಾದರೆ ಎರಡೂ ಹೊಳ್ಳೆ ಸೋರಬೇಕಲ್ಲ, ಒಂದೇ ಏಕೆ ಕಟ್ಟಿತು ಎಂದು ಯಾರೂ ಕೇಳಿರಲಿಲ್ಲ. ಬಸುರಿ ಮಗಳು ರೇಣುಕಾಳನ್ನು ತೋರಿಸಲು ಹುಬ್ಬಳ್ಳಿಗೆ ಬಂದಿದ್ದಾಗ ಪಾರವ್ವನ ದನಿ ಕೇಳಿಯೇ ನಮ್ಮ ಡಾಕ್ಟರ್ ಸುಮಿತ್ರಾ ಯಲಿಗಾರ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತುಬಿಟ್ಟರಂತೆ. “ಯವ್ವಾ, ನಿನ್ನ ಒಂದ ಹೊಳ್ಳಿ ಕಟ್ಟೇತೇನು?” ಎಂದು ಕೇಳಿ ಒಳಗೆ ಕರೆದುಕೊಂಡು ಹೋಗಿದ್ದರು. ತುಣುಕು ತೆಗೆದು ನೋಡಿದಾಗ ಅದೇ ಗಂಟು. ಬೇರು ಎಡಗಡೆ ಮೇಲ್ಗಡೆ, ಮೂಗಿನ ಮಾಳಿಗೆಗೆ ಹತ್ತಿರದಲ್ಲಿತ್ತು.

ಮಾಳಿಗೆ ಎನ್ನುವುದು ಮೂಗಿನ ಒಳಚಾವಣಿಗೆ ಡಾಕ್ಟರರ ಮಾತು. ವಾಸನೆಯ ನರಗಳು ಆ ಮಾಳಿಗೆಯ ಸಣ್ಣ ತೂತುಗಳಿಂದ ಮಿದುಳಿಗೆ ಹೋಗುತ್ತವೆ. ಗಂಟಿನ ಬೇರು ಅಲ್ಲಿಗೆ ಮುಟ್ಟಿದ್ದರೆ ಪೊರೆಯನ್ನೇ ಸುಲಿಯಬೇಕು, ಸುಲಿದರೆ ಆ ಕಡೆಯ ವಾಸನೆ ಹೋಯಿತೆಂದೇ ಲೆಕ್ಕ. ಇದನ್ನು ಪಾರವ್ವನಿಗೆ ವಿವರಿಸಿ, ಬೇರು ಯಾವ ಕಡೆ ಸಿಕ್ಕರೂ ತೆಗೆಯಬಹುದೆಂಬ ಕಾಗದಕ್ಕೆ ಹೆಬ್ಬೆಟ್ಟು ಪಡೆದಿದ್ದರು.

ಆ ಮೊದಲ ಭೇಟಿಯಲ್ಲಿ ನಾನು ಉಸಿರು ತೆಗೆಯಲು ಹೋಗಿರಲಿಲ್ಲ. ಸೀಸೆ ಹೇಗೆ, ನಳಿಗೆ ಹೇಗೆ ಎಂದು ತೋರಿಸಿ ಬರಲು ಹೋಗಿದ್ದೆ. ತೋರಿಸಲೆಂದು ಘ್ರಾಣಿಯ ಪುಟ್ಟ ಕೈಯಂತ್ರ ಹಚ್ಚಿದೆ, ಅಷ್ಟರಲ್ಲಿ ಸೀನು ಬಂತು. ಒಂದಲ್ಲ. ನಿಂತಿತೆನ್ನುವಾಗ ಮತ್ತೊಂದು. ಕಣ್ಣಲ್ಲಿ ನೀರು, ಕೈಯಲ್ಲಿ ಯಂತ್ರ, ಚೂಡಿದಾರದ ವೇಲು ಮೂಗಿಗೆ. ಯಂತ್ರದ ಪುಟ್ಟ ಪರದೆಯ ಮೇಲೆ ಗೆರೆ ಎದ್ದು, ಒಂದು ಗುಡ್ಡವಾಗಿ, ಇಳಿಯುವಾಗ ನಡುವೆ ತುಸು ತಡೆದು ಮತ್ತೆ ಇಳಿಯಿತು. ಮುರಿದ ಬಾಲದ ಗುಡ್ಡ. ಅದನ್ನು ಉಳಿಸಿಕೊಳ್ಳುವ ಗುಂಡಿ ಒತ್ತಿರಲಿಲ್ಲ. ಒತ್ತುವ ಸ್ಥಿತಿಯಲ್ಲೂ ಇರಲಿಲ್ಲ.

“ಅಯ್ಯ ಶಿವನ, ಹುಡುಗಿ ಸೀನಿ ಸೀನಿ ಕೆಂಪಾದ್ಲಲ್ಲೇ,” ಎಂದು ಪಾರವ್ವ ನನ್ನನ್ನು ಹಿತ್ತಿಲ ಕಟ್ಟೆಗೆ ಕರೆದೊಯ್ದು ಕೂರಿಸಿದಳು. ರೇಣುಕಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಎಂಟು ತಿಂಗಳ ಹೊಟ್ಟೆ. ಹೆರಿಗೆಗೆ ತವರಿಗೆ ಬಂದಿದ್ದಳು.

“ಅವ್ವಾ, ಇವ್ರು ಹೆಸರು ಹೇಳೇ ಇಲ್ಲ ಇನ್ನೂ,” ಎಂದಳು.

“ಶಾಲ್ಮಲಾ,” ಎಂದೆ.

“ಹೊಳಿ ಹೆಸರು. ಹೊಳಿಗೆ ಸಪ್ಪಳ ಇರ್ತೈತಿ, ನೀ ಏನ್ ಇಷ್ಟು ಸುಮ್ನ?” ಎಂದು ಪಾರವ್ವ ನನ್ನ ಬೆನ್ನು ಸವರಿದಳು. ಅವಳ ಬೆರಳ ತುದಿಗಳು ಒಳಗಿನಿಂದಲೇ ಕೆಂಪಗಿದ್ದವು.

ಅಲ್ಲಿಯೇ ಅವಳು ಆ ಮಾತು ಹೇಳಿದ್ದು. ಯಾರೂ ಕೇಳದೆ, ಕಟ್ಟೆಯ ಮೇಲೆ ಕೂತು, ಮಗಳ ಹೊಟ್ಟೆಯ ಕಡೆ ನೋಡುತ್ತ.

“ಇಕಿ ಹುಟ್ಟಿದಾಗ ನನ್ನವು ಎರಡೂ ಹೊಳ್ಳಿ ನೆಟ್ಟಗಿದ್ವು. ಎಣ್ಣಿ ಹಚ್ಚಿ ಎರದು, ಲೋಬಾನದ ಹೊಗಿ ಹಾಕಿ, ತೊಡಿಮ್ಯಾಲ ಮಲಗಿಸ್ಕೊಂಡು ನೆತ್ತಿಗೆ ಮೂಗ ಹಚ್ಚಿದ್ರ... ಅದನ್ನ ಹ್ಯಾಂಗ ಹೇಳ್ಲವಾ ನಿನಗ. ಕಾದ ಹಾಲಿನ ಗಡಿಗಿ ಮುಚ್ಚಳ ತಗದಂಗ. ಈಗ ಎಡಗಡೀದು ಎಂದೋ ಬಾಗಲಾ ಹಾಕ್ಕೊಂಡೈತಿ. ಬಲಗಡೀದು ಒಂದ ದುಡೀತೈತಿ, ಪಾಪ. ಡಾಕ್ಟರಬಾಯಾರಿಗೆ ಹೇಳು. ಎರಡೂ ಬ್ಯಾಡ. ಒಂದರ ಉಳಸ್ರಿ ಅನ್ನು. ಈ ಕೂಸಿನ ನೆತ್ತಿ ಮೂಸೂದೈತಿ ನಾನು.”

ಹೇಳುತ್ತೇನೆ ಎಂದು ತಲೆಯಾಡಿಸಿದೆ. ಹೇಳಲಿಲ್ಲ. ದಿನಚರಿಯಲ್ಲಿ ಬರೆದೆ.

ಮುಂದಿನ ವಾರ ಉಸಿರು ತೆಗೆಯಲು ಹೋದಾಗ ಮನೆ ನಾನು ಮೊದಲು ಹೇಳಿದ ಹಾಗಿತ್ತು. ಪಾರವ್ವ ಇಳಕಲ್ಲ ಸೀರೆ ಉಟ್ಟು, ತಲೆಗೆರೆದುಕೊಂಡು, ಬಾಗಿಲಲ್ಲೇ ಕಾಯುತ್ತಿದ್ದಳು. ಕೈಬೆರಳು ಕೂಡ ತಿಕ್ಕಿ ತಿಕ್ಕಿ ತೊಳೆದಂತಿದ್ದವು.

“ಕೆಲಸಕ್ಕ ಹೋಗಿಲ್ಲೇನ್ರಿ?” ಎಂದು ಕೇಳಿದೆ. ನನಗೆ ಅದೇ ದೊಡ್ಡ ಮಾತು.

“ಆರಾಮ ಅದೀನಿ. ನೀ ಸೀನೂದಿಲ್ಲಲ್ಲ ಇವತ್ತು?” ಎಂದು ಅವಳು ಸಂಭ್ರಮದಿಂದ ಮುಖ ನೋಡಿದಳು.

ಇಲ್ಲ ಎಂದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಆಮೇಲೆ ಬೇರೆ ಏನು ಕೇಳಲೂ ನಾಲಿಗೆ ಏಳಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಸೀಸೆಗಳು ತುಂಬಿದವು. ಪ್ರತಿ ಬೆಳಿಗ್ಗೆಯೂ ಒಗ್ಗರಣೆ ಅವಲಕ್ಕಿ ತಿನ್ನಿಸದೆ ಕಳಿಸಲಿಲ್ಲ. ಅದಕ್ಕೂ ಮೆಣಸಿನಕಾಯಿ ಹಾಕಿರಲಿಲ್ಲ. ಒಂದು ಮಾತು ಕೇಳಿದ್ದರೆ ಅವರ ಆದರವನ್ನು ಮುರಿದಂತಾಗುತ್ತಿತ್ತು ಎಂದು ನನಗನಿಸಿತು. ಹಾಗನಿಸಿದ್ದು ಸಂಕೋಚಕ್ಕೋ ಪ್ರೀತಿಗೋ ಈಗಲೂ ಬಿಡಿಸಿ ಹೇಳಲಾರೆ.

ಶಸ್ತ್ರಕ್ರಿಯೆಯ ಬೆಳಿಗ್ಗೆ ಪಾರವ್ವನನ್ನು ತಳ್ಳುಗಾಡಿಯ ಮೇಲೆ ಮಲಗಿಸಿದ್ದರು. ಹಸಿರು ಹೊದಿಕೆಯೊಳಗೆ ಅವಳು ಸಣ್ಣವಳಾಗಿ ಕಾಣುತ್ತಿದ್ದಳು. ನನ್ನನ್ನು ನೋಡಿದ್ದೇ ಕೈ ಚಾಚಿದಳು. ಬೆರಳ ತುದಿ ಮತ್ತೆ ಕೆಂಪಾಗಿದ್ದವು.

“ಕೆಲಸಕ್ಕ ಹೋಗ್ತಿದ್ರೇನು?” ಎಂದೆ.

“ನಿನ್ನಿ ಮಟಾನೂ ಹೋಗೇನಿ. ನೀ ಬಂದಾಗ ಇಷ್ಟ ಬಿಟ್ಟಿದ್ದೆ. ಚೀಲ ಎಲ್ಲಾ ಬಾಜೂ ಮನ್ಯಾಗ ಹಾಕಿದ್ವಿ. ನೀ ಹೋದ ಮ್ಯಾಲ ತಂದ್ವಿ. ನಮ್ಮವರು ಸೊಂಟಾ ಹಿಡ್ಕೊಂಡು ಕುಂತಾರ ಇನ್ನೂ.” ನಕ್ಕಳು. “ನೀ ಅವತ್ತು ಸೀನಿದ್ದು ನೋಡಿ ನನಗ ಜೀವಾ ಚುರ್ರಂದಿತ್ತು.”

ಗೋಡೆಯ ಕಡೆ ನಿಂತಿದ್ದ ಚಂಬಣ್ಣ ಸೊಂಟ ಹಿಡಿದು ತೋರಿಸಿ ನಗಲು ನೋಡಿದ. ಆಗಲಿಲ್ಲ. ಕಣ್ಣೊರೆಸಿಕೊಂಡ.

ಗಾಡಿ ಒಳಗೆ ಹೋಯಿತು. ನಾನು ಮೊಗಸಾಲೆಯಲ್ಲಿ ಓಡಿದ ಹಾಗೆ ನಡೆದೆ. ಕೈ ತೊಳೆಯುವ ತೊಟ್ಟಿಯ ಬಳಿ ಸುಮಿತ್ರಾ ಮೇಡಂ ಮೊಣಕೈಯವರೆಗೆ ನೊರೆ ಹಚ್ಚಿಕೊಂಡು ನಿಂತಿದ್ದರು.

“ಏನು ಶಾಲ್ಮಲಾ? ಮನೆಯುಸಿರು ಯಂತ್ರಕ್ಕ ಕೊಟ್ಟಾಗೇತಿಲ್ಲೋ?”

“ಹೌದು ಮೇಡಂ.”

“ಮತ್ತೇನು?”

ಅವರ ಹಿಂದೆ ಮೂವರು ನಿಂತಿದ್ದರು. ಎಲ್ಲರೂ ನನ್ನನ್ನೇ ನೋಡಿದರು. ಗಂಟಲಲ್ಲಿ ಇದ್ದ ಮಾತು ಅಲ್ಲಿಯೇ ಒಳಮುಖವಾಗಿ ತಿರುಗಿಕೊಂಡಿತು. ಇಷ್ಟಕ್ಕೂ ಸ್ವಲ್ಪ ದೂಳಿನಿಂದ ಏನಾದೀತು, ಮೂಗನ್ನು ಉಪ್ಪುನೀರಿನಿಂದ ತೊಳೆದೇ ತೊಳೆಯುತ್ತಾರೆ.

“ಏನಿಲ್ಲ ಮೇಡಂ,” ಎಂದೆ.

ನಿಯಂತ್ರಣ ಕೋಣೆ ಶಸ್ತ್ರಕ್ರಿಯೆಯ ಕೋಣೆಗೆ ಅಂಟಿಕೊಂಡೇ ಇದೆ, ನಡುವೆ ಗಾಜು. ಒಳಗೆ ಇಬ್ಬರೇ: ಯಂತ್ರ ನಡೆಸುವ ಇಮ್ತಿಯಾಜ್ ಮತ್ತು ನಾನು. ಮನೆಯುಸಿರು ತಂದವರು ಅಲ್ಲಿ ಕೂರಬೇಕೆಂಬುದು ನಿಯಮ. ಕೇಳಿದರೆ ಉತ್ತರ ಹೇಳಲಿಕ್ಕೆ. ಮೇಜಿನ ಮೇಲೆ ಒಂದು ಮೈಕ್ ಇದೆ, ಗುಂಡಿ ಒತ್ತಿ ಹಿಡಿದರೆ ಆಚೆ ಕೇಳುತ್ತದೆ. ನಾನು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಇಮ್ತಿಯಾಜನಿಗೆ ಅದೊಂದು ತಮಾಷೆ.

“ಶಾಲ್ಮಲಾ ಮೇಡಂ, ಇವತ್ತರ ಮೈಕಿನಾಗ ಒಂದ ಮಾತಾಡ್ರಿ. ಗಿರ್ಮಿಟ್ಟು ಮಿರ್ಚಿ ತಿನ್ನಸ್ತೀನಿ.”

ನಾನು ನಕ್ಕೆನೋ ಇಲ್ಲವೋ. ಪರದೆಯ ಮೇಲೆ ಪಾರವ್ವನ ಎಡ ಹೊಳ್ಳೆಯ ಒಳಗು ದೊಡ್ಡದಾಗಿ ಕಾಣುತ್ತಿತ್ತು, ತೇವದ ಗುಹೆಯ ಹಾಗೆ. ಮೇಡಮ್ಮರ ಕೈ ನಿಧಾನ, ಅವಸರವಿಲ್ಲದ್ದು. ಬೂದು ಬಣ್ಣದ, ಉಬ್ಬು ತಗ್ಗಿನ ಆ ಗಂಟು ಚೂರುಚೂರಾಗಿ ಹೊರಗೆ ಬಂತು. ಬೇರಿನ ಜಾಗ ಸಿಕ್ಕಿತು. ಹೇಳಿದಂತೆಯೇ ಮಾಳಿಗೆಗೆ ತುಸು ಕೆಳಗೆ. ಸಣ್ಣ ಡ್ರಿಲ್ಲಿನಿಂದ ಆ ಎಲುಬನ್ನು ಬಿಳಿಯಾಗುವವರೆಗೆ ತೇಯ್ದರು. ಕಣ್ಣಿಗೆ ಎಲ್ಲವೂ ಚೊಕ್ಕವಾಗಿತ್ತು.

“ಘ್ರಾಣಿ,” ಎಂದರು ಮೇಡಂ.

ನಳಿಗೆ ಗಾಳಿ ಹೀರಿತು. ಗೆರೆ ಮಲಗಬೇಕಿತ್ತು. ಎದ್ದಿತು.

“ಇನ್ನೂ ಐತಿ,” ಎಂದ ಇಮ್ತಿಯಾಜ್, ಮೈಕಿನಲ್ಲಿ.

ಮತ್ತೆ ತೇಯ್ದರು. ಮತ್ತೆ ಘ್ರಾಣಿ. ಗೆರೆ ಮತ್ತೆ ಎದ್ದಿತು, ಮೊದಲಿನಷ್ಟೇ ಎತ್ತರ. ಬೇರು ಕಡಿಮೆಯಾದರೆ ಗುಡ್ಡವೂ ಕಡಿಮೆಯಾಗಬೇಕಲ್ಲ? ನಾನು ಪರದೆಗೆ ಬಾಗಿದೆ. ಗುಡ್ಡ ಇಳಿಯುತ್ತ ನಡುವೆ ತುಸು ತಡೆದು ಮತ್ತೆ ಇಳಿಯಿತು.

ಮುರಿದ ಬಾಲ.

“ಹಂಗಾರ ಮಾಳಿಗಿಗೇ ಹಬ್ಬೇತಿ,” ಎಂಬ ಮೇಡಮ್ಮರ ದನಿ ಬಂತು. “ಎಡಗಡೆ ಪೊರೆ ಸುಲೀಬೇಕಾಗ್ತದ. ಹೋಗ್ಲಿ, ಬಲಗಡೆ ವಾಸನಿ ಐತೆಲ್ಲ ಆಕಿಗೆ.”

ನನಗೆ ಏನು ಮಾಡಬೇಕೆಂದು ಹೊಳೆಯಿತು. ಬಲಗಡೆ ಗಂಟಿಲ್ಲ. ಅಲ್ಲಿಯೂ ಇದೇ ಗುಡ್ಡ ಎದ್ದರೆ ಇದು ಗಂಟಿನದಲ್ಲ ಎಂದು ತಾನೇ ತಿಳಿಯುತ್ತದೆ, ನಾನು ಹೆಚ್ಚು ಹೇಳಬೇಕಾಗಿಲ್ಲ. ಇಮ್ತಿಯಾಜನ ತೋಳು ಮುಟ್ಟಿ, “ಬಲಗಡೆ ಒಮ್ಮೆ ನೋಡಂತ ಹೇಳ್ರಿ,” ಎಂದು ಪಿಸುಗುಟ್ಟಿದೆ. ಅವನು ಹೇಳಿದ.

ನಳಿಗೆ ಬಲಗಡೆಗೆ ಹೋಯಿತು. ಗೆರೆ ಎದ್ದಿತು. ಅದೇ ಎತ್ತರ, ಅದೇ ಮುರಿದ ಬಾಲ. ನನಗೆ ಉಸಿರು ಬಿಟ್ಟಂತಾಯಿತು.

ಗಾಜಿನ ಆಚೆ ಮೇಡಂ ತಲೆ ಎತ್ತಿದರು.

“ಬಲಗಡೇನೂ ಐತಿ. ಎರಡೂ ಕಡೆ ಬರೂದು ಭಾಳ ಅಪರೂಪ. ಕಣ್ಣಿಗೆ ಏನೂ ಕಾಣಂಗಿಲ್ಲ ನೋಡ್ರಿ, ಯಂತ್ರ ಇಲ್ದಿದ್ರ ಬಿಟ್ಟುಬಿಡ್ತಿದ್ವಿ. ಯಾರು ಹೇಳಿದ್ದು ಬಲಗಡೆ ನೋಡಂತ?”

“ಶಾಲ್ಮಲಾ ಮೇಡಂ,” ಎಂದ ಇಮ್ತಿಯಾಜ್.

“ಶಾಣ್ಯಾಕಿ. ಒಳ್ಳೇದಾತು.” ಅವರು ದಾದಿಯ ಕಡೆ ತಿರುಗಿದರು. “ಎರಡೂ ಕಡೆ ಮಾಳಿಗಿ ಸುಲೀತೀನಿ. ಇಂಥದ್ದನ್ನ ಬಿಟ್ರ ನಾಳೆ ಕ್ಯಾನ್ಸರ್ ಆದ್ರ ಯಾರು ಜವಾಬ್ದಾರ್ರು? ಆಕಿ ಒಪ್ಪಿಗಿ ಕೊಟ್ಟಾಳ.”

ಅರ್ಧ ಮಾತು ಹೇಳಿ ನಾನು ಅವಳಿಗೆ ಉಳಿದಿದ್ದ ಒಂದೇ ಹೊಳ್ಳೆಯನ್ನು ಕತ್ತಿಯ ಕೆಳಗೆ ತಂದಿಟ್ಟಿದ್ದೆ. ಗಾಜಿನ ಆಚೆ ಪಾರವ್ವನ ಒಂದು ಕೈ ಮಾತ್ರ ಹೊದಿಕೆಯ ಹೊರಗಿತ್ತು. ಅಂಗೈ ಮೇಲಾಗಿ, ಬೆರಳು ತುಸು ಮಡಿಚಿ, ಯಾರಿಗೋ ಏನೋ ಕೊಡುವ ಹಾಗೆ. ಬೆರಳ ತುದಿಯ ಕೆಂಪು ಇಲ್ಲಿಗೂ ಕಾಣುತ್ತಿತ್ತು.

ಮೈಕು ನನ್ನ ಮುಂದೆಯೇ ಇತ್ತು. ನನ್ನ ಬೆರಳು ಗುಂಡಿಯ ಮೇಲೆ ಹೋದದ್ದು ನನಗೆ ಗೊತ್ತಾದದ್ದು ನನ್ನದೇ ಉಸಿರಿನ ಸದ್ದು ಆಚೆಯ ಕೋಣೆಯಲ್ಲಿ ದೊಡ್ಡದಾಗಿ ಕೇಳಿದಾಗ. ಎಲ್ಲರೂ ಗಾಜಿನ ಕಡೆ ತಿರುಗಿದರು.

“ಬ್ಯಾಡ್ರಿ ಮೇಡಂ,” ಎಂದೆ.

“ಯಾರು, ಶಾಲ್ಮಲಾ ಏನು?”

“ಹೌದು ಮೇಡಂ. ಸುಲೀಬ್ಯಾಡ್ರಿ.”

ಮೇಡಂ ಕೈಯಲ್ಲಿದ್ದ ನಳಿಗೆಯನ್ನು ದಾದಿಗೆ ಕೊಟ್ಟರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ನಾನು ಗುಂಡಿ ಬಿಟ್ಟುಬಿಡುತ್ತಿದ್ದೆನೇನೋ.

“ಯಂತ್ರ ಐತಿ ಅಂತದ, ನೀ ಬ್ಯಾಡ ಅಂತೀ. ಕಾರಣ ಹೇಳವಾ. ಖರೇ ಕಾರಣ ಇದ್ರ ಇಲ್ಲಿಗೇ ನಿಲ್ಲಸ್ತೀನಿ, ಹಳೇ ಪದ್ಧತಿಯೊಳಗ ಎರಡೂ ಕಡೆ ಚೂರು ತಗದು ಸೂಕ್ಷ್ಮದರ್ಶಕಕ್ಕ ಕಳಸ್ತೀನಿ. ತಡ ಆದ್ರ ಆಗ್ಲಿ. ಕಾರಣ ಇಲ್ಲದಿದ್ರ ನಾ ಮುಂದುವರೀಬೇಕು. ಹೇಳು.”

ಇಮ್ತಿಯಾಜ್ ತನ್ನ ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ ನನಗೆ ಜಾಗ ಬಿಟ್ಟ. ಗುಂಡಿಯನ್ನು ಇನ್ನೊಮ್ಮೆ ಒತ್ತಿ ಹಿಡಿದೆ.

“ಅದು ಗಂಟಲ್ಲ ಮೇಡಂ, ಮೆಣಸಿನಕಾಯಿ,” ಎಂದೆ. “ನಾ ಮೊದಲನೇ ದಿನ ಹೋದಾಗ ಮನಿ ತುಂಬ ಚೀಲ ಇದ್ವು. ಯಂತ್ರದಾಗ ಇದ ಗೆರಿ ಬಂದಿತ್ತು, ಹಿಂಗ ಬಾಲ ಮುರದದ್ದು. ಉಸಿರು ತಗೊಳ್ಳಾಕ ಹೋದಾಗ ಒಂದ ಚೀಲಾನೂ ಇರ್ಲಿಲ್ಲ, ಅವ್ರು ಕೆಲಸಕ್ಕೂ ಹೋಗಿರ್ಲಿಲ್ಲ. ಆಮ್ಯಾಲ ಚೀಲ ಮತ್ತ ತಂದಾರ, ನಿನ್ನಿ ಮಟಾ ಕೆಲಸಕ್ಕ ಹೋಗ್ಯಾರ. ಯಂತ್ರಕ್ಕ ನಾ ಕೊಟ್ಟದ್ದು ಅವ್ರ ಮನಿ ಉಸಿರಲ್ಲ ಮೇಡಂ, ಬಂದಾಕಿಗೆ ಚೊಕ್ಕ ಮಾಡಿದ ಮನಿ ಉಸಿರು. ನಾ ಸೀನಿದ್ದು ನೋಡಿ ಪಾರವ್ವಗ ಜೀವಾ ಚುರ್ರಂದಿತ್ತಂತ. ಆ ಚೀಲ ಎಲ್ಲಾ ಅವ್ರು ಎತ್ತಿಟ್ಟಿದ್ದು ನನ್ನ ಸಲುವಾಗಿ.”